ಆಪಾದಿತ ಚಿಕಿತ್ಸಕನ ಪ್ರತಿವಾದ: ಅರೋರಾ ಮೊಕದ್ದಮೆಯ ವಿಮರ್ಶೆ

ಪೊಲೀಸರ ವಶದಲ್ಲಿದ್ದ ಮನುಷ್ಯನು ಸತ್ತಾಗ ಅವನಿಗೆ ಚಿಕಿತ್ಸೆ ಮಾಡಲು ಬಂದವನು ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ಸಾಕ್ಷಿಯಾಗಿ ನಿಲ್ಲುತ್ತಾನೆಯೇ ಹೊರತು ಆಪಾದಿತನಾಗಿ ಅಲ್ಲ. ಈ ರೂಢಿಗೆ ವ್ಯತಿರಿಕ್ತವಾದುದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಕೊಲರಾಡೊದಲ್ಲಿ ೨೦೨೩ರ ಡಿಸೆಂಬರ್ ೨೨ರಂದು ತೀರ್ಮಾನವಾದ ಮೊಕದ್ದಮೆ. ಅಲ್ಲಿ ಇಬ್ಬರು ಪಾರಾಮೆಡಿಕರು, ಎಂದರೆ ವೈದ್ಯಪದವಿಯಿಲ್ಲದಿದ್ದರೂ ತುರ್ತುಚಿಕಿತ್ಸೆಯ ತರಬೇತಿ ಪಡೆದ ಅಗ್ನಿಶಾಮಕ ದಳದ ನೌಕರರು, ನರಹತ್ಯೆಯ ಆರೋಪಕ್ಕೆ ಉತ್ತರ ಕೊಡಬೇಕಾಯಿತು. ಅವರ ಪರವಾಗಿ ಹೂಡಿದ ಪ್ರತಿವಾದದಲ್ಲಿ ಒಪ್ಪತಕ್ಕ ಅಂಶವೆಷ್ಟು, ಒಪ್ಪಲಾಗದ್ದೆಷ್ಟು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸಂಗತಿಗಳನ್ನು ಸಂಗ್ರಹವಾಗಿ ಹೇಳಬಹುದು. ೨೦೧೯ರ ಆಗಸ್ಟ್ ೨೪ರ ರಾತ್ರಿ ಅರೋರಾ ನಗರದಲ್ಲಿ ಎಲೈಜಾ ಮೆಕ್ಲೇನ್ ಎಂಬ ಇಪ್ಪತ್ತುಮೂರು ವರ್ಷದ ಕಪ್ಪುಜನಾಂಗದ ತರುಣನು ಅಂಗಡಿಯಿಂದ ಮನೆಗೆ ನಡೆದು ಹೋಗುತ್ತಿದ್ದನು. ಮುಸುಕು ಧರಿಸಿ ಕೈಬೀಸಿಕೊಂಡು ಹೋಗುತ್ತಿದ್ದ ಇವನನ್ನು ಕಂಡು ಯಾರೋ ಪೊಲೀಸರಿಗೆ ದೂರವಾಣಿ ಮಾಡಿದರು. ಅವನು ಯಾವ ಅಪರಾಧವನ್ನೂ ಮಾಡಿರಲಿಲ್ಲ. ಪೊಲೀಸರು ಅವನನ್ನು ತಡೆದು, ಕೆಡವಿ, ಕತ್ತಿನ ಪಕ್ಕದ ರಕ್ತನಾಳಗಳನ್ನು ಅದುಮುವ ಪಟ್ಟುಹಾಕಿ, ಕೈಕೋಳ ತೊಡಿಸಿದರು. ಅವನು ವಾಂತಿ ಮಾಡಿಕೊಂಡನು; ಉಸಿರಾಡಲಾಗುತ್ತಿಲ್ಲವೆಂದು ಹೇಳಿದನು. ಅಷ್ಟರಲ್ಲಿ ಬಂದ ಪಾರಾಮೆಡಿಕರು ಅವನಿಗೆ ‘ಉದ್ರಿಕ್ತ ಸನ್ನಿ’ ಎಂದು ನಿರ್ಣಯಿಸಿ, ಕೆಟಮಿನ್ ಎಂಬ ಅರಿವಳಿಕೆಯ ಔಷಧವನ್ನು ೫೦೦ ಮಿಲಿಗ್ರಾಂ ಚುಚ್ಚಿದರು. ಕೆಲವೇ ನಿಮಿಷಗಳಲ್ಲಿ ಅವನ ನಾಡಿ ನಿಂತಿತು. ಆಗಸ್ಟ್ ೩೦ರಂದು ಅವನು ಮೃತನೆಂದು ಘೋಷಿತನಾದನು. ಮೊದಲ ಶವಪರೀಕ್ಷೆಯ ವರದಿಯು ಮರಣದ ಕಾರಣವನ್ನು ಅನಿರ್ಣೀತವೆಂದಿತು. ೨೦೨೨ರಲ್ಲಿ ಬಹಿರಂಗವಾದ ಪರಿಷ್ಕೃತ ವರದಿಯು, ಬಲಪ್ರಯೋಗದಿಂದ ಹಿಡಿದುಹಾಕಿದ ಬಳಿಕ ಕೊಟ್ಟ ಕೆಟಮಿನ್ನಿನ ತೊಡಕುಗಳೇ ಕಾರಣವೆಂದಿತು.

ಇನ್ನು ಪ್ರತಿವಾದವನ್ನು ಪೂರ್ವಪಕ್ಷವಾಗಿ ಇಟ್ಟುಕೊಂಡು ನೋಡೋಣ. ಅದರಲ್ಲಿ ಮೂರು ಎಳೆಗಳಿವೆ. ಒಂದನೆಯದು ವಿಧಿಯ ವಾದ: ಉದ್ರಿಕ್ತ ಸನ್ನಿಯು ಪ್ರಾಣಾಂತಿಕವಾದುದು, ಅದಕ್ಕೆ ಕೆಟಮಿನ್ನೇ ಮದ್ದು, ಅದು ನಿರಪಾಯವಾದುದು ಎಂದು ಆಪಾದಿತರಿಗೆ ಕಲಿಸಲಾಗಿತ್ತು, ಕಲಿತಂತೆ ಅವರು ನಡೆದರು. ಎರಡನೆಯದು ಕಾಲದ ವಾದ: ಬೀದಿಯ ಕತ್ತಲಲ್ಲಿ, ಗೊಂದಲದ ನಡುವೆ, ಬೇಗನೆ ನಿರ್ಧರಿಸಬೇಕಾದವನನ್ನು ನಾಲ್ಕು ವರ್ಷಗಳ ತರುವಾಯ ನ್ಯಾಯಾಲಯದ ನೆಮ್ಮದಿಯಲ್ಲಿ ಕುಳಿತು ಅಳೆಯಬಾರದು. ಮೂರನೆಯದು ಅಧಿಕಾರದ ವಾದ: ಆ ಸ್ಥಳವೂ ಆ ಮನುಷ್ಯನೂ ಪೊಲೀಸರ ಹಿಡಿತದಲ್ಲಿದ್ದರು, ಅವರು ಹೇಳಿದುದನ್ನು ನಂಬುವುದು ಸಹಜವಾಗಿತ್ತು.

ಈ ವಾದಗಳನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ‘ಉದ್ರಿಕ್ತ ಸನ್ನಿ’ ಎಂಬ ಮಾತನ್ನು ಆ ಇಬ್ಬರು ನೌಕರರು ಕಟ್ಟಿದವರಲ್ಲ. ೧೯೮೫ರಲ್ಲಿ ವೆಟ್ಲಿ, ಫಿಶ್‌ಬೇನ್ ಎಂಬ ತಜ್ಞರು ಕೊಕೇನ್ ಸೇವಿಸಿ ಸತ್ತವರ ವಿಷಯದಲ್ಲಿ ಅದನ್ನು ಪ್ರಯೋಗಿಸಿದರು. ೨೦೦೯ರಲ್ಲಿ ಅಮೆರಿಕದ ತುರ್ತುಚಿಕಿತ್ಸಾ ವೈದ್ಯರ ಕಾಲೇಜು ತನ್ನ ಪ್ರಬಂಧವೊಂದರ ಮೂಲಕ ಅದಕ್ಕೆ ಮನ್ನಣೆ ಕೊಟ್ಟಿತು. ಅಮೆರಿಕನ್ ವೈದ್ಯಕೀಯ ಸಂಘವು ಅದನ್ನು ನಿರಾಕರಿಸಿದ್ದು ೨೦೨೧ರಲ್ಲಿ. ಕಾಲೇಜು ತನ್ನ ಮನ್ನಣೆಯನ್ನು ಹಿಂದಕ್ಕೆ ಪಡೆದದ್ದು ೨೦೨೩ರ ಅಕ್ಟೋಬರಿನಲ್ಲಿ. ಹೀಗಿರಲು ೨೦೧೯ರಲ್ಲಿ ಆ ಹೆಸರನ್ನು ನಂಬಿದುದೇ ಅಪರಾಧವೆಂದರೆ, ಗುರುಗಳ ತಪ್ಪಿಗೆ ಶಿಷ್ಯರನ್ನು ದಂಡಿಸಿದಂತಾಗುತ್ತದೆ. ಇಷ್ಟರಮಟ್ಟಿಗೆ ಪೂರ್ವಪಕ್ಷವು ಬಲವಾದುದೇ.

ಆದರೆ ವಿಧಿಯ ವಾದವು ತಾನು ಆಶ್ರಯಿಸಿದ ವಿಧಿಯಿಂದಲೇ ಖಂಡಿತವಾಗುತ್ತದೆ. ಆ ವಿಧಿಯ ಪ್ರಕಾರ ಕೆಟಮಿನ್ನಿನ ಪ್ರಮಾಣ ದೇಹತೂಕದ ಒಂದೊಂದು ಕಿಲೋಗ್ರಾಮಿಗೆ ೫ ಮಿಲಿಗ್ರಾಂ. ಮೆಕ್ಲೇನನ ತೂಕ ಸುಮಾರು ೬೫ ಕಿಲೋಗ್ರಾಂ. ಅವನಿಗೆ ಸಲ್ಲತಕ್ಕದ್ದು ೩೨೫ ಮಿಲಿಗ್ರಾಂ. ಅಂದಾಜಿನಲ್ಲಿ ಅವನು ಸುಮಾರು ೯೦ ಕಿಲೋಗ್ರಾಮಿನವನಾದನು. ಆ ಅಂದಾಜಿಗೂ ಸುಮಾರು ೪೫೦ ಮಿಲಿಗ್ರಾಮೇ ಸಾಕು; ಕೊಟ್ಟದ್ದು ೫೦೦. ಕಣ್ಣೆದುರು ಬಿದ್ದಿದ್ದ ತೆಳುಮೈಯ ತರುಣನು ಚಿಕಿತ್ಸಕರ ಕಣ್ಣಿಗೆ ಭಾರಿಯಾಳಾಗಿ ತೋರಿದುದು ಹೇಗೆಂಬುದೇ ಈ ಮೊಕದ್ದಮೆಯ ಮರ್ಮ. ಪೊಲೀಸರು ವರ್ಣಿಸಿದುದು ಅಸಾಧಾರಣ ಬಲವುಳ್ಳ ವ್ಯಕ್ತಿಯನ್ನು. ಚುಚ್ಚುಮದ್ದು ಬಿದ್ದದ್ದು ಆ ವರ್ಣನೆಯ ಮನುಷ್ಯನಿಗೆ. ಸತ್ತವನು ಮಾತ್ರ ಬೇರೆ.

ನಮ್ಮ ಪ್ರಾಚೀನ ವೈದ್ಯಶಾಸ್ತ್ರದ ಎರಡು ಪರಿಭಾಷೆಗಳು ಇಲ್ಲಿ ವಿಚಾರಕ್ಕೆ ನೆರವಾಗುತ್ತವೆ. ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನೆಗಳಿಂದ ಪರೀಕ್ಷಿಸಬೇಕೆಂಬುದು ವಾಗ್ಭಟನ ಅಷ್ಟಾಂಗಹೃದಯದ ಮತ. ಆಪಾದಿತರು ಮೆಕ್ಲೇನನೊಡನೆ ಮಾತನಾಡಲಿಲ್ಲ, ಮೈಮುಟ್ಟಲಿಲ್ಲ, ನಾಡಿ ಮೊದಲಾದುವನ್ನು ನೋಡದೆ ನಿರ್ಣಯಕ್ಕೆ ಬಂದರು ಎಂಬುದು ಗ್ರ್ಯಾಂಡ್ ಜ್ಯೂರಿಯ ದೋಷಾರೋಪಣೆಯ ತಿರುಳು. ಸ್ಪರ್ಶನವೂ ಪ್ರಶ್ನೆಯೂ ಲೋಪವಾಗಿ, ಉಳಿದ ದರ್ಶನವೂ ಪರರ ಕಣ್ಣಿನದಾಯಿತು. ಎರಡನೆಯದು ಚರಕನು ಹೇಳುವ ಚಿಕಿತ್ಸೆಯ ನಾಲ್ಕು ಪಾದಗಳು: ವೈದ್ಯ, ಔಷಧ, ಪರಿಚಾರಕ, ರೋಗಿ. ರೋಗಿಯನ್ನೂ ಒಂದು ಪಾದವಾಗಿ ಎಣಿಸಿ, ತನ್ನ ಬಾಧೆಯನ್ನು ತಾನೇ ತಿಳಿಸಬಲ್ಲ ಜ್ಞಾಪಕತ್ವವನ್ನು ಅವನ ಗುಣಗಳಲ್ಲಿ ಸೇರಿಸಿರುವುದು ಗಮನಾರ್ಹ. ಪೊಲೀಸರ ವಶಕ್ಕೆ ಹೋದವನು ಕಳೆದುಕೊಳ್ಳುವುದು ಸ್ವಾತಂತ್ರ್ಯವನ್ನು ಮಾತ್ರವಲ್ಲ, ಈ ಜ್ಞಾಪಕತ್ವವನ್ನು ಕೂಡ. ಅವನು ಉಸಿರುಕಟ್ಟುತ್ತಿದೆ ಎಂದರೆ ಅದು ಹಟವೆನಿಸುತ್ತದೆ, ಕೊಸರಾಡಿದರೆ ರೋಗಲಕ್ಷಣವೆನಿಸುತ್ತದೆ. ಅವನ ಪರವಾಗಿ ಅವನನ್ನು ಹಿಡಿದವನೇ ಮಾತನಾಡುತ್ತಾನೆ. ನಗರಾಡಳಿತವು ನೇಮಿಸಿದ ಸ್ವತಂತ್ರ ಮಂಡಲಿಯು ೨೦೨೧ರ ಫೆಬ್ರುವರಿಯಲ್ಲಿ ಕೊಟ್ಟ ವರದಿ ಈ ದೋಷವನ್ನೇ ಎತ್ತಿ ತೋರಿತು: ಪೊಲೀಸರ ಅಭಿಪ್ರಾಯವನ್ನು ಚಿಕಿತ್ಸಕರು ತಾಳೆನೋಡದೆ ಸ್ವೀಕರಿಸಿದಂತೆ ಕಾಣುತ್ತದೆ.

ಕಾಲದ ವಾದವು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಕಾಲದ ಕೊರತೆಯೇ ಇಲ್ಲದಿದ್ದ ಇನ್ನೊಂದು ಪ್ರಕರಣದಿಂದ ಪರೀಕ್ಷಿಸಬಹುದು. ೧೯೭೭ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕದ ಸ್ಟೀವ್ ಬೀಕೊ ಪೋರ್ಟ್ ಎಲಿಜಬೆತ್ತಿನ ಪೊಲೀಸರ ವಶದಲ್ಲಿ ತಲೆಗೆ ಪೆಟ್ಟುತಿಂದು ಬಿದ್ದಿದ್ದಾಗ, ಇಬ್ಬರು ಸರಕಾರಿ ವೈದ್ಯರು ಹಲವು ದಿನಗಳ ಕಾಲ ಅವನನ್ನು ನೋಡಿದರು. ಪಾದದ ಪ್ರತಿವರ್ತನೆ ಅಸಹಜವಾಗಿತ್ತು. ಬೆನ್ನುಹುರಿಯ ದ್ರವದಲ್ಲಿ ರಕ್ತವಿತ್ತು. ಆದರೂ ಅವನನ್ನು ಬತ್ತಲೆಯಾಗಿ ಮೋಟಾರುಗಾಡಿಯ ಹಿಂಭಾಗದಲ್ಲಿ ಮಲಗಿಸಿ ಸಾವಿರ ಕಿಲೋಮೀಟರಿಗೂ ಮಿಕ್ಕ ದೂರದ ಪ್ರಿಟೋರಿಯಕ್ಕೆ ಸಾಗಿಸಲು ಸಮ್ಮತಿ ದೊರೆಯಿತು. ಸೆಪ್ಟೆಂಬರ್ ೧೨ರಂದು ಅಲ್ಲಿ ಅವನು ಸತ್ತನು. ಪೊಲೀಸ್ ಅಧಿಕಾರಿಯ ನಿರ್ಧಾರವನ್ನು ತಾನು ಮೀರಬಹುದೆಂಬುದೇ ತನಗೆ ತಿಳಿದಿರಲಿಲ್ಲವೆಂದು ಆ ವೈದ್ಯರಲ್ಲೊಬ್ಬನು ಮರಣವಿಚಾರಣೆಯಲ್ಲಿ ಹೇಳಿದನು. ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ; ಕೆಲವು ವೈದ್ಯರೇ ನ್ಯಾಯಾಲಯಕ್ಕೆ ಹೋದುದರಿಂದ ೧೯೮೫ರಲ್ಲಿ ಶಿಸ್ತಿನ ಕ್ರಮವಷ್ಟೇ ನಡೆಯಿತು. ಅಲ್ಲಿ ದಿನಗಳಿದ್ದುವು, ಇಲ್ಲಿ ನಿಮಿಷಗಳು. ಕೊನೆಗೆ ಕೇಳಿಬರುವ ಉತ್ತರ ಮಾತ್ರ ಒಂದೇ. ಆದುದರಿಂದ ದೋಷದ ಮೂಲ ಕಾಲಾಭಾವದಲ್ಲಿಲ್ಲ, ಅಧಿಕಾರಕ್ಕೆ ಒಪ್ಪಿಸಿಬಿಟ್ಟ ವಿವೇಕದಲ್ಲಿದೆ ಎಂದರೆ ತಪ್ಪಾಗಲಾರದು.

ಅರೋರಾದ ಜ್ಯೂರಿಯ ತೀರ್ಪು ಸೂಕ್ಷ್ಮವಾದುದು. ಇಬ್ಬರೂ ಅಪರಾಧಿಕ ನಿರ್ಲಕ್ಷ್ಯದ ನರಹತ್ಯೆಗೆ ತಪ್ಪಿತಸ್ಥರಾದರು. ಚುಚ್ಚುಮದ್ದು ಕೊಟ್ಟವನು ಹಲ್ಲೆಯ ಆರೋಪಗಳಿಂದ ಬಿಡುಗಡೆ ಹೊಂದಿದನು. ಅವನ ಮೇಲಧಿಕಾರಿ ಮಾತ್ರ ಅಕ್ರಮವಾಗಿ ಔಷಧ ಕೊಟ್ಟ ಹಲ್ಲೆಗೂ ಗುರಿಯಾದನು. ಈ ಮೇಲಧಿಕಾರಿಗೆ ವಿಧಿಸಿದ ಐದು ವರ್ಷಗಳ ಸೆರೆಯನ್ನು ನ್ಯಾಯಾಧೀಶರು ೨೦೨೪ರ ಸೆಪ್ಟೆಂಬರಿನಲ್ಲಿ ನಾಲ್ಕು ವರ್ಷಗಳ ಪ್ರೊಬೇಷನ್ನಿಗೆ ಇಳಿಸಿದರು. ಪೂರ್ವಪಕ್ಷದ ಸತ್ಯಾಂಶಕ್ಕೆ ಸಲ್ಲತಕ್ಕ ಜಾಗ ಇದೇ ಎಂದು ನಮ್ಮ ಅಭಿಪ್ರಾಯ. ತಪ್ಪು ಕಲಿಕೆಯು ಶಿಕ್ಷೆಯನ್ನು ತಗ್ಗಿಸಬಹುದು. ಪರೀಕ್ಷೆ ಮಾಡದಿದ್ದ ದೋಷವನ್ನು ಅಳಿಸಲಾರದು. ರೋಗಿಯ ನಾಡಿ ಹಿಡಿಯಬೇಡವೆಂದು ಯಾವ ವಿಧಿಯೂ ಕಲಿಸುವುದಿಲ್ಲ.

ಆದರೂ ತೀರ್ಪು ಪೂರ್ಣವೆನ್ನುವಂತಿಲ್ಲ. ಇದಕ್ಕೆ ಮುಂಚೆ ಬೇರೆಯಾಗಿ ವಿಚಾರಣೆಗೊಳಗಾದ ಮೂವರು ಪೊಲೀಸರಲ್ಲಿ ಇಬ್ಬರು ಬಿಡುಗಡೆಯಾದರು, ಒಬ್ಬನೇ ತಪ್ಪಿತಸ್ಥನಾದನು. ಅಲ್ಲಿ ಅವರ ವಕೀಲರು ಕೆಟಮಿನ್ನಿನತ್ತ ಬೆರಳುಮಾಡಿದರು. ಇಲ್ಲಿ ಚಿಕಿತ್ಸಕರ ವಕೀಲರು ಪೊಲೀಸರತ್ತ ಬೆರಳುಮಾಡಿದರು. ಒಂದೇ ಮರಣವು ಹಲವು ಮೊಕದ್ದಮೆಗಳಾಗಿ ಒಡೆದಾಗ ಪ್ರತಿಯೊಬ್ಬ ಆಪಾದಿತನಿಗೂ ಗೈರುಹಾಜರಾದ ಇನ್ನೊಬ್ಬ ಅಪರಾಧಿ ದೊರೆಯುತ್ತಾನೆ. ಆ ಹೆಸರನ್ನು ಕಟ್ಟಿ ಕಲಿಸಿದ ಸಂಸ್ಥೆಗಳಂತೂ ಯಾವ ಕಟ್ಟೆಯನ್ನೂ ಹತ್ತಲಿಲ್ಲ. ಪೊಲೀಸರು ಕೆಟಮಿನ್ ಕೊಡಿಸಲು ಒತ್ತಾಯಿಸಬಾರದೆಂದು ಕೊಲರಾಡೊ ೨೦೨೧ರಲ್ಲಿ ಕಾನೂನು ಮಾಡಿತು. ದಂಡನ್ಯಾಯವು ಮುಟ್ಟಲಾರದ್ದನ್ನು ಶಾಸನವು ಮುಟ್ಟಲು ಯತ್ನಿಸಿದೆಯೆನ್ನಬೇಕು.

ಆಪಾದಿತ ಚಿಕಿತ್ಸಕನಿಗೂ ಸಮರ್ಥವಾದ ಪ್ರತಿವಾದದ ಹಕ್ಕಿದೆ. ಅದಿಲ್ಲದೆ ನ್ಯಾಯವು ಸೇಡಾಗುತ್ತದೆ. ಆದರೆ ಪೊಲೀಸರು ಹೇಳಿದರು ಎಂಬುದು ಮಾತ್ರ ಚಿಕಿತ್ಸಕನ ಬಾಯಿಯಲ್ಲಿ ಪ್ರತಿವಾದವಾಗಿ ನಿಲ್ಲಲಾರದು. ವಶದಲ್ಲಿರುವವನಿಗೆ ಪೊಲೀಸರಲ್ಲದ ಒಬ್ಬನು ಬೇಕೆಂದೇ ಚಿಕಿತ್ಸಕನನ್ನು ಕರೆಯುವುದು. ಅವನೂ ಅವರ ಕಣ್ಣಿನಿಂದಲೇ ನೋಡುವುದಾದರೆ ಅವನನ್ನು ಕರೆದೂ ಕರೆಯದಂತೆ.