ಹಿಮನದಿಯ ಮೂತಿ ಮತ್ತು ನಮ್ಮ ಲೆಕ್ಕ

ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ಹಲವರು ನೋಡಿರಬಹುದು. ಮಳೆಗಾಲದಲ್ಲಿ ಹೇಮಾವತಿ ಜಲಾಶಯದ ಹಿನ್ನೀರು ಅದರ ಗೋಡೆಗಳನ್ನು ಸುತ್ತುವರಿಯುತ್ತದೆ. ಬೇಸಿಗೆಯಲ್ಲಿ ದಡ ದೂರ ಸರಿಯುತ್ತದೆ. ದಡ ನೂರು ಮೀಟರು ಸರಿದರೆ ಜಲಾಶಯದಲ್ಲಿ ಎಷ್ಟು ನೀರು ಕಡಿಮೆಯಾಯಿತು? ನೆಲದ ಇಳಿಜಾರು ತಿಳಿಯದೆ ಉತ್ತರ ಹೇಳಲಾಗದು. ಹಿಮನದಿಯ ವಿಷಯದಲ್ಲಿ ಮಾತ್ರ ಈ ಸರಳ ವಿವೇಕವನ್ನು ನಾವು ಮರೆಯುತ್ತೇವೆ. ಅದರ ಕೆಳತುದಿ, ಅಂದರೆ ಮೂತಿ, ವರ್ಷಕ್ಕೆ ಇಷ್ಟು ಮೀಟರು ಹಿಂದೆ ಸರಿಯಿತು ಎಂದು ಹೇಳಿ ಪಾಠ ಮುಗಿಸುತ್ತೇವೆ.

ಇದರ ಅಪಾಯಕ್ಕೆ 2007ರ ಐಪಿಸಿಸಿ ವರದಿಯೇ ಸಾಕ್ಷಿ. ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗುವ ಸಂಭವ ಬಹಳ ಹೆಚ್ಚು ಎಂದು ಅದರ ಎರಡನೆಯ ಸಂಪುಟ ಹೇಳಿತು. ಸರಿಯಾದ ವೈಜ್ಞಾನಿಕ ಆಧಾರವಿರಲಿಲ್ಲ. 2010ರ ಜನವರಿಯಲ್ಲಿ ಐಪಿಸಿಸಿ ವಿಷಾದಿಸಿತು. ಅದೇ ಭಾಗದ ಕೋಷ್ಟಕದಲ್ಲಿ ಇನ್ನೊಂದು ತಪ್ಪಿತ್ತು. ಪಿಂಡಾರಿ ಹಿಮನದಿ 1845ರಿಂದ 1966ರವರೆಗೆ 2840 ಮೀಟರು ಸರಿದಿದೆ, ವರ್ಷಕ್ಕೆ 135.2 ಮೀಟರು ಎಂದಿತ್ತು. ಅವಧಿ 121 ವರ್ಷ. ಭಾಗಿಸಿದರೆ ಸುಮಾರು 23.5 ಬರುತ್ತದೆ. 121ರ ಬದಲು 21ರಿಂದ ಭಾಗಿಸಿದರೆ 135.2! ಹೈಸ್ಕೂಲು ವಿದ್ಯಾರ್ಥಿಯೂ ಹಿಡಿಯಬಹುದಾದ ತಪ್ಪು. 2008ರಲ್ಲಿ ಶಿಕ್ಷಕರ ಮುಂದೆ 2035 ಎಂಬ ಸಂಖ್ಯೆಯನ್ನು ಪರಿಶೀಲಿಸದೆ ಹೇಳಿದವರಲ್ಲಿ ನಾನೂ ಒಬ್ಬ.

ತಪ್ಪು ಬಯಲಾದ ಮೇಲೆ ಕೆಲವರು ಹಿಮಾಲಯಕ್ಕೆ ಏನೂ ಆಗಿಲ್ಲ ಎಂದರು. ಇದೂ ಅಷ್ಟೇ ತಪ್ಪು. ಚೌಖಂಬಾ ಶಿಖರಗಳ ಬುಡದಿಂದ ಇಳಿಯುವ ಗಂಗೋತ್ರಿ ಹಿಮನದಿಯ ಉದ್ದ ಸುಮಾರು 30 ಕಿ.ಮೀ. ಗೋಮುಖ ವರ್ಷಕ್ಕೆ 20 ಮೀಟರು ಸರಿಯುವುದೆಂದು ಭಾಗಿಸಿದರೆ 1500 ವರ್ಷ ಆಯುಷ್ಯ ಸಿಗುತ್ತದೆ. ಈ ಸಮಾಧಾನ ಸುಳ್ಳು. ಕಲ್ಲುಮಣ್ಣು ಹೊದ್ದ ಹಿಮನದಿಯ ಮೂತಿ ಹೆಚ್ಚು ಸರಿಯದೆಯೂ ಮಂಜುಗಡ್ಡೆ ಮೇಲಿನಿಂದ ತೆಳುವಾಗುತ್ತಾ ಹೋಗಬಲ್ಲದು.

ಅಳೆಯಬೇಕಾದದ್ದು ದ್ರವ್ಯರಾಶಿಯನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಂತಾಯತ್, ಕುಲಕರ್ಣಿ ಮತ್ತು ಶ್ರೀನಿವಾಸನ್ 2014ರಲ್ಲಿ ಮೇಲ್ಮೈಯ ವೇಗ, ಇಳಿಜಾರುಗಳಿಂದ ದಪ್ಪವನ್ನು ಲೆಕ್ಕಹಾಕಿ, ಗಂಗೋತ್ರಿಯ ಮಂಜುಗಡ್ಡೆ ಸುಮಾರು 23 ಘನ ಕಿ.ಮೀ. ಎಂದು ಅಂದಾಜಿಸಿದರು. ಹಿಮಾಚಲದ ಛೋಟಾ ಶಿಗ್ರಿಯಲ್ಲಿ 2002ರಿಂದ ಗೂಟ ನೆಟ್ಟು ಅಳೆಯಲಾಗುತ್ತಿದೆ. 2019ರವರೆಗಿನ ಸರಾಸರಿ ನಷ್ಟ ವರ್ಷಕ್ಕೆ 0.46 ಮೀಟರು ನೀರಿಗೆ ಸಮ. ಅನಿಶ್ಚಿತತೆಯೂ 0.40 ಮೀಟರು ಇದೆ. ಅದನ್ನೂ ಮುಚ್ಚಿಡದೆ ಹೇಳಬೇಕು.

ಈ ಸಂಖ್ಯೆಯನ್ನು ತರಗತಿಗೆ ತನ್ನಿ. ಪ್ರತಿ ಚದರ ಮೀಟರಿನಿಂದ 460 ಕಿ.ಗ್ರಾಂ ಹೋಯಿತು. ಕರಗುವಿಕೆಯ ಗುಪ್ತೋಷ್ಣ ಕಿ.ಗ್ರಾಂಗೆ 334 ಕಿಲೋಜೂಲ್. ಗುಣಿಸಿದರೆ ಸುಮಾರು 15.4 ಕೋಟಿ ಜೂಲ್. ವರ್ಷದ 3.15 ಕೋಟಿ ಸೆಕೆಂಡುಗಳಿಂದ ಭಾಗಿಸಿ: ಚದರ ಮೀಟರಿಗೆ ಸುಮಾರು 5 ವಾಟ್, ಒಂದು ಪುಟ್ಟ ಎಲ್‌ಇಡಿ ಬಲ್ಬಿನಷ್ಟು. ಇಷ್ಟು ಸಣ್ಣ ಅಸಮತೋಲವೇ ಪರ್ವತದ ಮಂಜುಗಡ್ಡೆಯನ್ನು ಸವೆಸಲು ಸಾಕು ಎಂಬುದು ಯಾವ ಉತ್ಪ್ರೇಕ್ಷೆಗಿಂತಲೂ ಗಂಭೀರ ಸಂಗತಿ.

ಮೂತಿಯ ಚಿತ್ರ ಬೇಡವೆನ್ನುವುದಿಲ್ಲ. ಅದರ ಜೊತೆಗೆ ದಪ್ಪ, ಅವಧಿ, ಅನಿಶ್ಚಿತತೆ ಇರಲಿ. ಮುದ್ರಿತ ಸಂಖ್ಯೆಯನ್ನು ಒಮ್ಮೆ ಭಾಗಿಸಿ ನೋಡುವ ಅಭ್ಯಾಸವೂ ಇರಲಿ.