ಎರಡು ಸರ್ವರ್, ಇಬ್ಬರು ಯಜಮಾನರು

ಪ್ರಾಕ್ಸಿಯ, ಅಂದರೆ ನಮ್ಮ ಪರವಾಗಿ ಸೈಟಿಗೆ ಹೋಗಿಬರುವ ನಡುವಿನ ಸರ್ವರಿನ ರುಚಿ ಹತ್ತಿದವರು ಬೇಗನೇ ಬಂದು ನಿಲ್ಲುವ ಪ್ರಶ್ನೆ: ನಡುವೆ ಒಂದು ಸರ್ವರ್ ಸಾಕೇ, ಎರಡು ಬೇಕೇ? ಒಂದು ಸರ್ವರಿನವರೆಗೆ ಗೂಢಲಿಪಿಯ ಸುರಂಗ ಹಾಕಿಕೊಂಡರೆ ವೆಬ್‌ಸೈಟಿಗೆ ಬಳಕೆದಾರರ ಮನೆಯ ಐಪಿ ವಿಳಾಸ ಕಾಣುವುದಿಲ್ಲ, ಸರ್ವರಿನ ವಿಳಾಸ ಕಾಣುತ್ತದೆ. ಮನೆಗೆ ಬ್ರಾಡ್‌ಬ್ಯಾಂಡ್ ಕೊಟ್ಟ ಕಂಪನಿಗೆ ಅವರು ಯಾವ ಸೈಟ್ ನೋಡಿದರೆಂದು ತಿಳಿಯುವುದಿಲ್ಲ, ಸರ್ವರಿಗೆ ಹೋದದ್ದಷ್ಟೇ ತಿಳಿಯುತ್ತದೆ. ಆ ಕಡೆಯವರಿಗೂ ಈ ಕಡೆಯವರಿಗೂ ಅರ್ಧ ಕಥೆಯಷ್ಟೇ ಸಿಕ್ಕಿತು. ಪೂರ್ತಿ ಕಥೆ ಗೊತ್ತಿರುವವನು ಮಾತ್ರ ನಡುವೆ ನೆಮ್ಮದಿಯಾಗಿ ಕೂತಿದ್ದಾನೆ. ಅವನು ಆ ಸರ್ವರಿನ ಯಜಮಾನ. ಯಾರು ಬಂದರು, ಎಲ್ಲಿಗೆ ಹೋದರು ಎಂಬ ಎರಡೂ ಸಂಗತಿ ಅವನ ಲಾಗ್‌ನಲ್ಲಿ ಒಂದೇ ಸಾಲಿನಲ್ಲಿ ಸಿಗುತ್ತವೆ.

ಆ ಸಾಲನ್ನು ಇಬ್ಬರಿಗೆ ಹಂಚುವುದೇ ಎರಡು ಸರ್ವರ್ ಜೋಡಣೆಯ ಉದ್ದೇಶ.

ಹಂಚದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಫಿನ್ಲೆಂಡಿನ ಪೆನೆಟ್ ಸರ್ವರಿನ ಕಥೆ ಇದೆ. ಹೆಸರು ಮರೆಸಿ ಇಮೇಲ್ ದಾಟಿಸುವ ಈ ಸೇವೆಯನ್ನು ಯೋಹಾನ್ ಹೆಲ್ಸಿಂಗಿಯಸ್ 1993ರಲ್ಲಿ ಶುರು ಮಾಡಿದರು. ಬಂದ ಪತ್ರದಿಂದ ಕಳಿಸಿದವರ ವಿಳಾಸ ಕಿತ್ತು, ಒಂದು ಸಂಖ್ಯೆ ಅಂಟಿಸಿ ಸರ್ವರ್ ಮುಂದಕ್ಕೆ ಕಳಿಸುತ್ತಿತ್ತು. ಉತ್ತರ ವಾಪಸು ಬರಬೇಕಲ್ಲ, ಹಾಗಾಗಿ ಯಾವ ಸಂಖ್ಯೆ ಯಾರದು ಎಂಬ ಪಟ್ಟಿಯನ್ನು ಅಲ್ಲೇ ಇಟ್ಟುಕೊಳ್ಳಬೇಕಿತ್ತು. ಲಕ್ಷಾಂತರ ಜನ ಬಳಸಿದರು. 1995ರಲ್ಲಿ ಸೈಂಟಾಲಜಿ ಚರ್ಚ್ ತನ್ನ ಖಾಸಗಿ ಕಡತ ಈ ದಾರಿಯಲ್ಲಿ ಹೊರಬಿತ್ತೆಂದು ದೂರಿತು. ಪೊಲೀಸರು ಬಂದರು, ಹೆಲ್ಸಿಂಗಿಯಸ್ ಒಬ್ಬ ಬಳಕೆದಾರರ ವಿಳಾಸ ಒಪ್ಪಿಸಬೇಕಾಯಿತು. 1996ರ ಆಗಸ್ಟಿನಲ್ಲಿ ಅವರು ಸೇವೆಯನ್ನೇ ನಿಲ್ಲಿಸಿದರು. ಅವರ ಪ್ರಾಮಾಣಿಕತೆಯಲ್ಲಿ ಕೊರತೆ ಇರಲಿಲ್ಲ. ಪಟ್ಟಿ ಒಂದೇ ಕಡೆ ಇತ್ತು, ಅದನ್ನು ಕೇಳಲು ಬರುವವರಿಗೆ ತಟ್ಟಬೇಕಾದ ಬಾಗಿಲೂ ಒಂದೇ ಇತ್ತು.

ಇದಕ್ಕೆ ಮದ್ದು ಪೆನೆಟ್ ಹುಟ್ಟುವ ಮುಂಚೆಯೇ ಸಿದ್ಧವಿತ್ತು. ಅಮೆರಿಕದ ಡೇವಿಡ್ ಚಾಮ್ 1981ರಲ್ಲಿ ಬರೆದ ಪ್ರಬಂಧದಲ್ಲಿ ಪತ್ರವನ್ನು ಪದರ ಪದರವಾಗಿ ಗೂಢಲಿಪಿಯಲ್ಲಿ ಸುತ್ತುವ ಉಪಾಯ ಹೇಳಿದ್ದರು. ಮೊದಲ ಯಂತ್ರ ಹೊರಗಿನ ಪದರ ಬಿಡಿಸಿದರೆ ಅದಕ್ಕೆ ಕಾಣುವುದು ಎರಡನೇ ಯಂತ್ರದ ವಿಳಾಸ ಮಾತ್ರ. ಕೊನೆಯ ಪದರ ಬಿಡಿಸುವ ಯಂತ್ರಕ್ಕೆ ಪತ್ರ ಎಲ್ಲಿಗೆ ಹೋಗಬೇಕೆಂದು ಗೊತ್ತು, ಎಲ್ಲಿಂದ ಹೊರಟಿತೆಂದು ಗೊತ್ತಿಲ್ಲ. 1992ರಲ್ಲಿ ಎರಿಕ್ ಹ್ಯೂಸ್ ಮತ್ತು ಹಾಲ್ ಫಿನ್ನಿ ಕಟ್ಟಿದ ಇಮೇಲ್ ಸರ್ವರುಗಳು ಇದನ್ನು ಬಳಕೆಗೆ ತಂದವು. ಮುಂದೆ ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ ಪಾಲ್ ಸಿವರ್ಸನ್ ಮತ್ತು ಸಂಗಡಿಗರು ಅದೇ ಪದರದ ಉಪಾಯವನ್ನು ವೆಬ್‌ನ ತಕ್ಷಣದ ಸಂಚಾರಕ್ಕೆ ಹೊಂದಿಸಿದರು. 2002ರಲ್ಲಿ ಹೊರಬಂದ ಟಾರ್ ಜಾಲ ಆ ಕೆಲಸದ ಕೂಸು.

ಟಾರ್ ಎರಡಕ್ಕೆ ನಿಲ್ಲದೆ ಮೂರು ಸರ್ವರ್ ದಾಟಿಸುತ್ತದೆ. ಅದರ ಸರ್ವರುಗಳನ್ನು ಯಾರು ಬೇಕಾದರೂ ನಡೆಸಬಹುದು. ಎರಡೇ ಇದ್ದರೆ ಒಳಬರುವ ಸರ್ವರಿಗೆ ಹೊರಹೋಗುವ ಸರ್ವರ್ ಯಾವುದೆಂದು ನೇರವಾಗಿ ತಿಳಿದುಬಿಡುತ್ತದೆ, ಇಬ್ಬರೂ ಸೇರಿ ಲೆಕ್ಕ ಹೊಂದಿಸುವುದು ಸಲೀಸಾಗುತ್ತದೆ. ನಡುವಿನದು ಆ ಇಬ್ಬರ ಪರಿಚಯ ತಪ್ಪಿಸುತ್ತದೆ. ಯಜಮಾನರು ಯಾರೆಂದು ಮೊದಲೇ ಗೊತ್ತಿದ್ದು, ಅವರಿಬ್ಬರೂ ಬೇರೆ ಬೇರೆ ಎಂಬುದು ಖಚಿತವಿದ್ದರೆ ಎರಡರಲ್ಲೇ ಕೆಲಸ ಮುಗಿಯುತ್ತದೆ.

ಆ್ಯಪಲ್ ಕಂಪನಿ 2021ರ ಜೂನ್‌ನಲ್ಲಿ ಪ್ರಕಟಿಸಿದ ಪ್ರೈವೇಟ್ ರಿಲೇ ಹೀಗೆ ಎರಡೇ ಸರ್ವರಿನ ಮೇಲೆ ನಿಂತಿದೆ. ಹಣ ಕೊಟ್ಟು ಐಕ್ಲೌಡ್ ಪ್ಲಸ್ ಪಡೆದವರ ಸಫಾರಿ ಬ್ರೌಸರಿನ ಸಂಚಾರ ಮೊದಲು ಆ್ಯಪಲ್‌ನ ಸರ್ವರಿಗೆ ಬರುತ್ತದೆ. ಅದಕ್ಕೆ ಬಳಕೆದಾರರ ಐಪಿ ಗೊತ್ತು, ಸೈಟಿನ ಹೆಸರು ಗೂಢಲಿಪಿಯಲ್ಲಿದ್ದು ಓದಲಾಗದು. ಎರಡನೆಯ ಸರ್ವರ್ ನಡೆಸುವುದು ಬೇರೆ ಕಂಪನಿ. ಕ್ಲೌಡ್‌ಫ್ಲೇರ್, ಅಕಮೈ, ಫಾಸ್ಟ್ಲಿ ಈ ಪಾಲುದಾರರ ಪಟ್ಟಿಯಲ್ಲಿವೆ. ಈ ಎರಡನೆಯದಕ್ಕೆ ಸೈಟ್ ಗೊತ್ತು, ಕೇಳಿದವರು ಗೊತ್ತಿಲ್ಲ. ಹಾಗಾದರೆ ಬಂದವರು ಹಣ ಕಟ್ಟಿದ ಗಿರಾಕಿಯೇ ಎಂದು ತಿಳಿಯುವುದು ಹೇಗೆ? ಅದಕ್ಕೆ ಕುರುಡು ಸಹಿಯ ಟೋಕನ್ ಇದೆ: ಸಹಿ ಹಾಕಿದವರಿಗೇ ತಾವು ಯಾವ ಟೋಕನ್ನಿಗೆ ಸಹಿ ಹಾಕಿದೆವೆಂದು ಗುರುತಿಸಲಾಗದು, ಆದರೂ ಸಹಿ ಅಸಲಿ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಈ ಗಣಿತವೂ ಅದೇ ಚಾಮ್ ಅವರದು, 1982ರದು. ಚೀನಾ, ಸೌದಿ ಅರೇಬಿಯಾ ಮೊದಲಾದ ಕೆಲವು ದೇಶಗಳಲ್ಲಿ ಆ್ಯಪಲ್ ಈ ಸೌಲಭ್ಯ ಕೊಡಲಿಲ್ಲ.

ಸ್ವಂತ ಕೈಯಿಂದ ಜೋಡಿಸುವವರು ಮೊದಲು ನೋಡಬೇಕಾದದ್ದು ಸುರಂಗ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು. ಎರಡು ಬಗೆ ಇವೆ. ಮೊದಲ ಸರ್ವರ್ ಗೂಢಲಿಪಿ ಬಿಡಿಸಿ, ಮತ್ತೆ ಕಟ್ಟಿ ಎರಡನೆಯದಕ್ಕೆ ಕಳಿಸುವುದು ಒಂದು ಬಗೆ. ಇಲ್ಲಿ ಮೊದಲ ಸರ್ವರಿಗೆ ಎಲ್ಲವೂ ಕಾಣುತ್ತದೆ, ಎರಡನೆಯದು ಇದ್ದೂ ಅದರಿಂದ ಏನನ್ನೂ ಮುಚ್ಚಿಡಲಾರದು. ಎರಡನೇ ಸರ್ವರಿನ ಸುರಂಗ ಬಳಕೆದಾರರ ಯಂತ್ರದಲ್ಲೇ ಶುರುವಾಗಿ ಮೊದಲ ಸುರಂಗದ ಒಳಗೆ ಹಾಯ್ದು ಹೋಗುವುದು ಇನ್ನೊಂದು ಬಗೆ. ಬೆಲೆ ಇರುವುದು ಇದಕ್ಕೆ.

ಇದನ್ನು ಮಾಡಿ ನೋಡಲು, ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನಷ್ಟು ಅಚ್ಚುಕಟ್ಟಾದ ಸಲಕರಣೆ ಸಿಗುವುದು ಕಷ್ಟ. 2016ರ ಆಗಸ್ಟಿನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 7.3 ಆವೃತ್ತಿಯಲ್ಲಿ ಪ್ರಾಕ್ಸಿಜಂಪ್ ಎಂಬ ಸೌಲಭ್ಯ ಸೇರಿತು. ಆಜ್ಞೆಯಲ್ಲಿ ದೊಡ್ಡಕ್ಷರದ ‘ಜೆ’ ಬರೆದು ಮೊದಲ ಸರ್ವರಿನ ಹೆಸರು, ಆಮೇಲೆ ಎರಡನೆಯದರ ಹೆಸರು ಕೊಟ್ಟರೆ ಮುಗಿಯಿತು. ಮೊದಲ ಸರ್ವರ್ ಎರಡನೆಯದರತ್ತ ಬರೀ ಬೈಟ್‌ಗಳನ್ನು ದಾಟಿಸುತ್ತದೆ. ಬೀಗದ ಕೈ ಬಳಕೆದಾರರ ಯಂತ್ರ ಬಿಟ್ಟು ಹೋಗುವುದೇ ಇಲ್ಲ. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಇದು ದಿನನಿತ್ಯದ ಕೆಲಸ. ಗ್ರಾಹಕ ಕಂಪನಿಯ ಒಳಗಿನ ಯಂತ್ರಗಳಿಗೆ ನೇರ ಪ್ರವೇಶ ಇರುವುದಿಲ್ಲ, ಜಂಪ್ ಹೋಸ್ಟ್ ಅಥವಾ ಬಾಸ್ಟಿಯನ್ ಎಂದು ಕರೆಯುವ ಕಾವಲು ಸರ್ವರನ್ನು ದಾಟಿಯೇ ಹೋಗಬೇಕು. ಅದೇ ಆಜ್ಞೆಗೆ ದೊಡ್ಡಕ್ಷರದ ‘ಡಿ’ ಮತ್ತು 1080 ಎಂಬ ಪೋರ್ಟ್ ಸಂಖ್ಯೆ ಸೇರಿಸಿದರೆ ಬಳಕೆದಾರರ ಲ್ಯಾಪ್‌ಟಾಪಿನಲ್ಲೇ ಒಂದು ಸಾಕ್ಸ್ ಪ್ರಾಕ್ಸಿ ತೆರೆದುಕೊಳ್ಳುತ್ತದೆ. ಬ್ರೌಸರಿಗೆ 127.0.0.1 ಎಂಬ ವಿಳಾಸ ತೋರಿಸಿದರಾಯಿತು, ಅದರ ಕೋರಿಕೆಗಳೆಲ್ಲ ಎರಡನೇ ಸರ್ವರಿನಿಂದ ಹೊರಡುತ್ತವೆ.

ಎಡವುವುದು ಇಲ್ಲಿಯೇ. ಪುಟ ಕೇಳುವ ಮುನ್ನ ಸೈಟಿನ ಹೆಸರಿಗೆ ಐಪಿ ಹುಡುಕಬೇಕು. ಆ ಡಿಎನ್‌ಎಸ್ ವಿಚಾರಣೆಯನ್ನು ಲ್ಯಾಪ್‌ಟಾಪೇ ಮಾಡಿಬಿಟ್ಟರೆ ಹೆಸರು ನೇರವಾಗಿ ಬ್ರಾಡ್‌ಬ್ಯಾಂಡ್ ಕಂಪನಿಯ ಕೈ ಸೇರುತ್ತದೆ. ಎರಡು ಸರ್ವರಿನ ಬಾಡಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೆ. ಕರ್ಲ್ ಎಂಬ ಸಲಕರಣೆಯಲ್ಲಿ ಇದರ ವ್ಯತ್ಯಾಸ ಒಂದೇ ಅಕ್ಷರದ್ದು: ‘ಸಾಕ್ಸ್5’ ಎಂದರೆ ಹೆಸರು ಹುಡುಕುವುದು ಇಲ್ಲೇ, ಕೊನೆಗೆ ಒಂದು ‘ಎಚ್’ ಸೇರಿಸಿದರೆ ಆ ತುದಿಯಲ್ಲಿ. ಎಚ್‌ಟಿಟಿಪಿ ಪ್ರಾಕ್ಸಿ ಜೋಡಿಸುವವರಿಗೆ ಇನ್ನೊಂದು ಗುಂಡಿ ಕಾದಿದೆ. ಸ್ಕ್ವಿಡ್‌ನಂಥ ಪ್ರಾಕ್ಸಿಯನ್ನು ತಿದ್ದದೆ ಬಿಟ್ಟರೆ, ಗೂಢಲಿಪಿ ಇಲ್ಲದ ಪುಟಗಳ ಕೋರಿಕೆಗೆ ಅದು ಕೇಳಿದವರ ಐಪಿಯನ್ನು ತಾನೇ ಬರೆದು ಮುಂದಕ್ಕೆ ಕಳಿಸುತ್ತದೆ. ಎರಡು ಸ್ಕ್ವಿಡ್ ಸರದಿಯಲ್ಲಿದ್ದರೆ ಮನೆಯ ಐಪಿ, ಅಲ್ಪವಿರಾಮ, ಮೊದಲ ಸರ್ವರಿನ ಐಪಿ ಎಂದು ಬಂದ ದಾರಿಯೆಲ್ಲ ಒಂದೇ ಸಾಲಿನಲ್ಲಿ ಸೈಟಿಗೆ ತಲುಪುತ್ತದೆ.

ವೇಗದ ಲೆಕ್ಕವನ್ನು ಭೂಪಟ ಇಟ್ಟುಕೊಂಡೇ ಹಾಕಬಹುದು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ 1,000 ಕಿ.ಮೀ. ಹೋಗಿಬರಲು 10 ಮಿಲಿಸೆಕೆಂಡ್. ಬೆಂಗಳೂರಿನವರೊಬ್ಬರು ಮೊದಲ ಸರ್ವರ್ ಸಿಂಗಪುರದಲ್ಲಿ, ಎರಡನೆಯದು ಫ್ರಾಂಕ್‌ಫರ್ಟಿನಲ್ಲಿ ಇಟ್ಟುಕೊಂಡು ಮುಂಬೈಯಲ್ಲಿರುವ ಸೈಟ್ ತೆರೆದರು ಎನ್ನಿ. ಸಿಂಗಪುರಕ್ಕೆ ಸುಮಾರು 3,200 ಕಿ.ಮೀ., ಅಲ್ಲಿಂದ ಫ್ರಾಂಕ್‌ಫರ್ಟಿಗೆ 10,000ಕ್ಕೂ ಹೆಚ್ಚು, ಮುಂಬೈಗೆ ಮರಳಲು ಸುಮಾರು 6,600. ನೇರ ಗೆರೆ ಎಳೆದರೂ ಒಂದು ಸಲ ಹೋಗಿಬರಲು 200 ಮಿಲಿಸೆಕೆಂಡ್ ಬೇಕು. ಸಮುದ್ರದ ಕೇಬಲ್ಲುಗಳು ನೇರ ಗೆರೆಯಲ್ಲಿ ಹೋಗುವುದೂ ಇಲ್ಲ. ಸರ್ವರ್ ಇಲ್ಲದೆ ಬೆಂಗಳೂರಿನಿಂದ ಮುಂಬೈಗೆ ಇದೇ ಲೆಕ್ಕದಲ್ಲಿ 10 ಮಿಲಿಸೆಕೆಂಡೂ ಬೇಡ. ಹಾಗಾಗಿ ಪಳಗಿದವರು ಮೊದಲ ಸರ್ವರನ್ನು ಹೋಗಬೇಕಾದ ದಿಕ್ಕಿನಲ್ಲೇ ಹುಡುಕುತ್ತಾರೆ.

ಪ್ಯಾಕೆಟ್ಟಿನ ಅಳತೆ ಕಣ್ಣಿಗೆ ಬೀಳದ ಕಾಟ. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1,500 ಬೈಟ್ ಹೊರಬಲ್ಲದು. ವೈರ್‌ಗಾರ್ಡ್ ಸುರಂಗ ಹಳೆಯ ಐಪಿ 4ರಲ್ಲಿ 60, ಹೊಸ ಐಪಿ 6ರಲ್ಲಿ 80 ಬೈಟನ್ನು ತನ್ನ ಖರ್ಚಿಗೆ ಇಟ್ಟುಕೊಳ್ಳುತ್ತದೆ. ಅದಕ್ಕೇ ಅದು ತನ್ನ ಅಳತೆಯನ್ನು 1,420ಕ್ಕೆ ಇಟ್ಟುಕೊಂಡು ಬರುತ್ತದೆ. ಸುರಂಗದೊಳಗೆ ಇನ್ನೊಂದು ಸುರಂಗ ಹಾಕಿದಾಗ ಒಳಗಿನದನ್ನು 1,340ಕ್ಕೆ ಇಳಿಸಬೇಕು. ಇಳಿಸದಿದ್ದರೆ ಆಗುವ ತಮಾಷೆಯೇ ಬೇರೆ: ಪಿಂಗ್ ಸರಾಗ, ಸಣ್ಣ ಪುಟಗಳು ಸರಾಗ, ದೊಡ್ಡ ಪುಟ ಅರ್ಧಕ್ಕೆ ಬಂದು ಸುತ್ತುತ್ತಲೇ ನಿಲ್ಲುತ್ತದೆ. ಹೊಸಬರು ಸರ್ವರ್ ಬಾಡಿಗೆ ಕೊಟ್ಟವರನ್ನು ಬೈಯುತ್ತ ಕೂರುತ್ತಾರೆ.

ಎರಡು ಸರ್ವರ್ ಜೋಡಿಸುವವರಿಗೆಲ್ಲ ಗುಟ್ಟೇ ಬೇಕೆಂದಿಲ್ಲ. ಚೀನಾದಲ್ಲಿ ಈ ಕಲೆ ಬೆಳೆದದ್ದು ದಾರಿಗಾಗಿ. ದೇಶದ ಗಡಿ ದಾಟುವ ಮಾಮೂಲಿ ಲೈನುಗಳು ಸಂಜೆಯ ಹೊತ್ತಿಗೆ ಕಿಕ್ಕಿರಿದು ಪ್ಯಾಕೆಟ್ ಕಳೆಯುತ್ತವೆ. ಅದಕ್ಕೆ ಅಲ್ಲಿನವರು ಒಳ್ಳೆಯ ಲೈನು ಇರುವ ಸರ್ವರೊಂದನ್ನು ಸಾಗಣೆಗೆ, ಹೊರದೇಶದಲ್ಲಿ ಇನ್ನೊಂದನ್ನು ಇಳಿದಾಣಕ್ಕೆ ಎಂದು ಹಿಡಿಯುತ್ತಾರೆ. ಎರಡರ ಗುಣವೂ ಬೇರೆ. ಸಾಗಣೆಯ ಸರ್ವರಿಗೆ ಲೈನು ಚೆನ್ನಾಗಿರಬೇಕು, ಅದರ ಐಪಿ ಸೈಟಿಗೆ ಕಾಣುವುದೇ ಇಲ್ಲ. ಇಳಿದಾಣದ ಸರ್ವರಿಗೆ ಐಪಿ ಚೆನ್ನಾಗಿರಬೇಕು; ಹಿಂದೆ ಯಾರೋ ಸ್ಪ್ಯಾಮ್ ಕಳಿಸಿ ಕೆಡಿಸಿದ ವಿಳಾಸವಾದರೆ ಪುಟಪುಟಕ್ಕೂ ಕ್ಯಾಪ್ಚಾ ಎದುರಾಗುತ್ತದೆ.

ಗುಟ್ಟನ್ನೇ ಬಯಸುವವರಿಗೆ ಸರಪಣಿಯ ಎರಡು ತುದಿಗಳೇ ಅಪಾಯ. 2007ರಲ್ಲಿ ಸ್ವೀಡನ್ನಿನ ಡ್ಯಾನ್ ಎಗರ್‌ಸ್ಟಾಡ್ ಟಾರ್‌ನ ಐದು ಹೊರಬಾಗಿಲ ಸರ್ವರುಗಳನ್ನು ತಾವೇ ನಡೆಸಿ, ಅಲ್ಲಿ ಹಾದುಹೋದ ಗೂಢಲಿಪಿ ಇಲ್ಲದ ಇಮೇಲ್ ಸಂಚಾರದಿಂದ ರಾಯಭಾರ ಕಚೇರಿಗಳ ಪಾಸ್‌ವರ್ಡುಗಳನ್ನು ಹೆಕ್ಕಿ ಪ್ರಕಟಿಸಿದರು. ಆ ಪಟ್ಟಿಯಲ್ಲಿ ಭಾರತದ ಖಾತೆಗಳೂ ಇದ್ದವು. ಕೊನೆಯ ಸರ್ವರಿಗೆ ಕೇಳಿದವರು ಯಾರೆಂದು ತಿಳಿಯದಿದ್ದರೂ ಹೇಳಿದ ಮಾತು ತಿಳಿಯಬಲ್ಲದು. ಇನ್ನು ಮೊದಲ ತುದಿ: 2013ರ ಡಿಸೆಂಬರ್‌ನಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿಯೊಬ್ಬ ಪರೀಕ್ಷೆ ತಪ್ಪಿಸಲು ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆಯ ಇಮೇಲ್ ಕಳಿಸಿದ. ತನಿಖೆಗೆ ಬಂದವರು ಟಾರ್ ಭೇದಿಸುವ ಗೋಜಿಗೆ ಹೋಗಲಿಲ್ಲ. ಆ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ವೈಫೈಯಿಂದ ಟಾರ್‌ಗೆ ಹೋದವರು ಯಾರೆಂದು ನೋಡಿದರು. ಆತ ಸಿಕ್ಕಿಬಿದ್ದ.

ಭಾರತದ ಓದುಗರಿಗೆ ಇದೆಲ್ಲ ಇನ್ನಷ್ಟು ಹತ್ತಿರವಾದದ್ದು 2022ರ ಏಪ್ರಿಲ್ 28ರಂದು. ಇಂಥ ಸುರಂಗವನ್ನು ಬಾಡಿಗೆಗೆ ಕೊಡುವ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ, ಕೊಟ್ಟ ಐಪಿ ಎಲ್ಲವನ್ನೂ 5 ವರ್ಷ ಕಾಪಿಡಬೇಕೆಂದು ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಅಂದು ನಿರ್ದೇಶನ ಹೊರಡಿಸಿತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್‌ನಂಥ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ಕಿತ್ತುಕೊಂಡು ಹೋದವು; ಭಾರತದ ಐಪಿ ಬೇಕೆಂದವರಿಗೆ ಎಕ್ಸ್‌ಪ್ರೆಸ್‌ವಿಪಿಎನ್ ಸಿಂಗಪುರ ಮತ್ತು ಬ್ರಿಟನ್ನಿನ ಯಂತ್ರಗಳಿಂದ ಅದನ್ನು ಕೊಡತೊಡಗಿತು. ಕಚೇರಿಗಳ ಒಳಬಳಕೆಯ ವಿಪಿಎನ್‌ಗಳಿಗೆ ವಿನಾಯಿತಿ ಸಿಕ್ಕಿತು. ನಿರ್ದೇಶನ ವಿಪಿಎನ್ ಕಂಪನಿಗಳಿಗಷ್ಟೇ ಅಲ್ಲ, ಡೇಟಾ ಸೆಂಟರ್, ಕ್ಲೌಡ್ ಮತ್ತು ಬಾಡಿಗೆ ಸರ್ವರ್ ಕೊಡುವವರಿಗೂ ಅನ್ವಯಿಸುತ್ತದೆ ಎಂಬುದನ್ನು ಹವ್ಯಾಸಿಗಳು ಗಮನಿಸಬೇಕು.

ಸ್ವಂತ ಸರಪಣಿಯ ಮಿತಿ ಇಲ್ಲಿ ಕಾಣುತ್ತದೆ. ಮುಂಬೈಯಲ್ಲೊಂದು, ಆಮ್‌ಸ್ಟರ್‌ಡ್ಯಾಮಿನಲ್ಲೊಂದು ಸರ್ವರ್ ಒಂದೇ ಕ್ರೆಡಿಟ್ ಕಾರ್ಡಿನಲ್ಲಿ ಬಾಡಿಗೆಗೆ ಹಿಡಿದವರಿಗೆ ದೇಶ ಎರಡಾದರೂ ಹೆಸರು ಒಂದೇ. ಎರಡನೇ ಸರ್ವರಿನ ಐಪಿಯಿಂದ ಹೊರಬರುವವರು ಅವರೊಬ್ಬರೇ ಆದ್ದರಿಂದ, ಆ ಐಪಿಯ ಬಾಡಿಗೆದಾರರು ಯಾರೆಂದು ಒಂದು ಕಂಪನಿಯನ್ನು ಕೇಳಿದರೆ ಸಾಕು, ಮೊದಲ ಸರ್ವರಿನ ತಂಟೆಗೇ ಹೋಗಬೇಕಿಲ್ಲ. ಟಾರ್‌ನ ಹೊರಬಾಗಿಲಿನಲ್ಲೂ ಪ್ರೈವೇಟ್ ರಿಲೇಯ ಎರಡನೇ ಸರ್ವರಿನಲ್ಲೂ ಒಂದೇ ಐಪಿಯಿಂದ ಬಹಳಷ್ಟು ಜನ ಹೊರಡುತ್ತಾರೆ. ಸ್ವಂತ ಜೋಡಣೆಯಿಂದ ನಿಜವಾಗಿ ದಕ್ಕುವುದು ಬೇರೆ: ಕಚೇರಿಯ ಒಳಯಂತ್ರಕ್ಕೆ ಸುರಕ್ಷಿತ ದಾರಿ, ಕೆಟ್ಟ ಲೈನನ್ನು ತಪ್ಪಿಸಿ ಹೋಗುವ ಸುತ್ತುದಾರಿ, ಹೋಟೆಲಿನ ವೈಫೈ ಇಣುಕಲಾಗದ ಸುರಂಗ. ಇವುಗಳಲ್ಲಿ ಕೊನೆಯದಕ್ಕೆ ಒಂದೇ ಸರ್ವರ್ ಸಾಕು, ಬಾಡಿಗೆಯೂ ಅರ್ಧ.