ಅಶ್ವಶಕ್ತಿ ಒಂದೇ, ಸ್ವಭಾವ ಎರಡು

ಕಾರಿನ ಅಶ್ವಶಕ್ತಿಯನ್ನಷ್ಟೇ ನೋಡಿ ತೀರ್ಪು ಕೊಡುವವರನ್ನು ನೀವು ಕಂಡಿರಬಹುದು. ಆ ಅಂಕಿ ಎಷ್ಟನ್ನು ಮರೆಮಾಚುತ್ತದೆ ಎಂಬುದಕ್ಕೆ ಯೂರೋಪಿನಲ್ಲಿ ಪೈಪೋಟಿ ನಡೆಸಿದ ಎರಡು ವೇಗದ ಹ್ಯಾಚ್‌ಬ್ಯಾಕ್‌ಗಳೇ ಸಾಕ್ಷಿ: 2001ರ ಹೋಂಡಾ ಸಿವಿಕ್ ಟೈಪ್ ಆರ್ ಮತ್ತು 2004ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. ಎರಡರದೂ 2 ಲೀಟರ್ ಎಂಜಿನ್. ಗರಿಷ್ಠ ಸಾಮರ್ಥ್ಯ 200 ಅಶ್ವಶಕ್ತಿ, ಅಂದರೆ 147 ಕಿಲೋವ್ಯಾಟ್.

ಹೋಂಡಾ ಈ ಸಾಮರ್ಥ್ಯವನ್ನು ಮುಟ್ಟುವುದು ನಿಮಿಷಕ್ಕೆ 7,400 ಸುತ್ತುಗಳಲ್ಲಿ. ಅದರ ಗರಿಷ್ಠ ಟಾರ್ಕ್ 196 ನ್ಯೂಟನ್ ಮೀಟರ್. ಟರ್ಬೊ ಇರುವ ಗಾಲ್ಫ್ 1,800ರಿಂದ 5,000 ಸುತ್ತುಗಳವರೆಗೂ 280 ನ್ಯೂಟನ್ ಮೀಟರ್ ಕೊಡುತ್ತದೆ. ಸಾಮರ್ಥ್ಯವೆಂದರೆ ಟಾರ್ಕ್ ಮತ್ತು ಕೋನೀಯ ವೇಗಗಳ ಗುಣಲಬ್ಧ. 3,000 ಸುತ್ತುಗಳಲ್ಲಿ ಕೋನೀಯ ವೇಗ ಸೆಕೆಂಡಿಗೆ 314 ರೇಡಿಯನ್. ಲೆಕ್ಕ ಹಾಕಿ: ಗಾಲ್ಫ್‌ಗೆ 88 ಕಿಲೋವ್ಯಾಟ್, ಹೋಂಡಾಕ್ಕೆ 62ನ್ನು ಮೀರದು. ಮುಂದಿನ ವಾಹನವನ್ನು ಹಿಂದಿಕ್ಕಲು ಗಾಲ್ಫ್ ಚಾಲಕ ಪೆಡಲ್ ಒತ್ತಿದರಾಯಿತು. ಹೋಂಡಾ ಚಾಲಕ ಮೊದಲು ಗೇರ್ ಇಳಿಸಬೇಕು.

ಹಾಗೆಂದು ಟಾರ್ಕ್ ನೋಡಿ ಗಾಲ್ಫೇ ಬಲಶಾಲಿ ಎನ್ನುವವರೂ ಎಡವುತ್ತಾರೆ. ಗೇರ್ ಇಳಿಸಿದಾಗ ಚಕ್ರಕ್ಕೆ ತಲುಪುವ ಟಾರ್ಕ್ ಹೆಚ್ಚುತ್ತದೆ. ಕಾರನ್ನು ತಳ್ಳುವ ಬಲ, ಸಾಮರ್ಥ್ಯವನ್ನು ಕಾರಿನ ವೇಗದಿಂದ ಭಾಗಿಸಿದಷ್ಟು. ಹಗುರವಾದ ಹೋಂಡಾ ಆಗ ಹಿಂದುಳಿಯದು. ನನ್ನ ತೀರ್ಪು: ದಿನಬಳಕೆಗೆ ಗಾಲ್ಫ್, ದುಡಿದು ಓಡಿಸುವ ಖುಷಿಗೆ ಹೋಂಡಾ. ಒಂದು ಗರಿಷ್ಠ ಅಂಕಿಯಿಂದ ಇದು ತಿಳಿಯದು; ವಿದ್ಯಾರ್ಥಿಗಳಿಂದ ಪೂರ್ಣ ನಕ್ಷೆ ಬರೆಸಿ ನೋಡಿ.